ಬಂಡೆಗೋಡೆಯ ಕೆಂಪು ರೆಕ್ಕೆ

ನೆಸ್ಟಾ ಪ್ರೋಸರ್‌ಳ ಎಡಗಣ್ಣು ಮಂಜಾಗಿ ಒಂದು ವರ್ಷವಾಗಿತ್ತು. ಬಲಗಣ್ಣೂ ಅದೇ ದಾರಿ ಹಿಡಿದಿದೆ ಎಂದು ಡಾಕ್ಟರು ಹೇಳಿದ ದಿನ ಅವಳು ಗೆಳತಿ ಬೆರಿಲ್‌ಗೆ ಫೋನು ಮಾಡಿ ಹೇಳಿದ್ದು ಒಂದೇ ಮಾತು: "ಪೂರ್ತಿ ಕತ್ತಲಾಗೋ ಮುಂಚೆ ಗೋಡೆಹಕ್ಕಿ ನೋಡ್ಬೇಕು ಕಣೇ. ಬರ್ತೀಯಾ?"

ಇಬ್ಬರೂ ಇಂಗ್ಲೆಂಡಿನ ಹಲ್ ಊರಿನ ಒಂದೇ ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಮಾಡಿದವರು, ಭಾನುವಾರಗಳನ್ನೆಲ್ಲ ಕಡಲಂಚಿನ ಹಕ್ಕಿಗಳಿಗೆ ಕೊಟ್ಟವರು. ಈ ಹಕ್ಕಿ ಮಾತ್ರ ಅವರ ಕಡೆ ಸುಳಿಯುವುದಿಲ್ಲ. ಚಳಿಗಾಲದಲ್ಲಿ ಆಲ್ಪ್ಸ್ ಬೆಟ್ಟಗಳಿಂದಿಳಿದು ಸಾಲ್ಜ್‌ಬರ್ಗ್ ನಗರದ ನಡುವಿನ ಬಂಡೆಗೋಡೆಗೆ ಬರುತ್ತದೆ. ಹಿಡಿಯಷ್ಟು ಬೂದು ಹಕ್ಕಿ. ರೆಕ್ಕೆ ಬಿಚ್ಚಿದರೆ ಕಡುಗೆಂಪು. ಮಾರ್ಚ್ ಮೊದಲ ವಾರ ನಾಲ್ಕು ದಿನಕ್ಕೆಂದು ಅವರು ಅಲ್ಲಿಗೆ ಬಂದಿಳಿದರು.

ಗುರುವಾರ ಬೆಳಿಗ್ಗೆ ನೆಸ್ಟಾಳ ಮೊಣಕಾಲು ಊದಿಕೊಂಡಿತ್ತು. "ನೀನು ಹೋಗಿ ಜಾಗ ನೋಡ್ಕೊಂಡು ಬಾ. ಹಕ್ಕಿ ಕಂಡ್ರೆ ಫೋನ್ ಮಾಡು, ಕುಂಟ್ಕೊಂಡಾದ್ರೂ ಬರ್ತೀನಿ" ಎಂದಳು.

ಬೆರಿಲ್ ಬಂಡೆಯ ಬುಡಕ್ಕೆ ಹೋಗಿ ತಲೆಯೆತ್ತಿದಳು. ಹಕ್ಕಿ ಅಲ್ಲೇ ಇತ್ತು. ಬಿರುಕಿನಿಂದ ಬಿರುಕಿಗೆ ಜಿಗಿಯುತ್ತ, ಹೆಜ್ಜೆಗೊಮ್ಮೆ ರೆಕ್ಕೆ ಬಿಚ್ಚಿ ಮುಚ್ಚುತ್ತಿತ್ತು. ಅವಳ ಕೈ ಜೇಬಿನ ಫೋನಿನ ಮೇಲೆ ಹೋಗಿ ಅಲ್ಲೇ ನಿಂತಿತು. ಮೂವತ್ತು ವರ್ಷವೂ ಪ್ರತಿ ಹಕ್ಕಿಯನ್ನು ಮೊದಲು ಕಂಡವಳು ನೆಸ್ಟಾ. "ಅಲ್ಲೇ ಇದೆಯಲ್ಲೇ, ಕಾಣಲ್ವಾ ನಿಂಗೆ?" ಎಂದು ಅವಳು ತೋರಿಸಿದ ಕಡೆ ತಡಕಾಡುವುದೇ ಬೆರಿಲ್‌ಳ ಪಾಲಿನದು. ಇದೊಂದು ನನಗಿರಲಿ, ಅನ್ನಿಸಿತು. ನಾಳೆ ಹೇಗೂ ಬರುತ್ತದೆ, ಆಗ ತೋರಿಸಿದರಾಯಿತು. ಕಣ್ಣಲ್ಲಿ ನೀರು ತುಂಬಿತು. ಕೊನೆಗೆ ಹಕ್ಕಿ ಮನೆಗಳ ಮಾಡಿನ ಮೇಲೆ ಹಾರಿ ನದಿಯಾಚೆ ಹೋಯಿತು.

"ಇತ್ತಾ?" ಬೆರಿಲ್ ಹೋಟೆಲಿನ ಕೋಣೆಗೆ ಮರಳಿದೊಡನೆ ನೆಸ್ಟಾ ಮಂಚದಿಂದಲೇ ಕೇಳಿದಳು.

"ಇಲ್ಲ. ಬರೀ ಪಾರಿವಾಳ."

ಶುಕ್ರವಾರ ನೆಸ್ಟಾಳೂ ಕುಂಟುತ್ತ ಬಂದಳು, ಹಕ್ಕಿ ಬರಲಿಲ್ಲ. ಶನಿವಾರವೂ ನೆಸ್ಟಾ ಮಡಚುವ ಕುರ್ಚಿಯಲ್ಲಿ ಕೂತು, ತುಟಿ ನೀಲಿಗಟ್ಟುವವರೆಗೂ ಬಲಗಣ್ಣಿಗೆ ದುರ್ಬೀನು ಒತ್ತಿಕೊಂಡಿದ್ದಳು. ಬೆರಿಲ್ ಬಿಸಿ ಸೂಪು ತಂದಳು, ತನ್ನ ಶಾಲು ಹೊದಿಸಿದಳು. ಉಪಚಾರ ಮಾಡಿದಷ್ಟೂ ಅವಳ ಎದುರು ಮುಖ ಎತ್ತಲಾಗುತ್ತಿರಲಿಲ್ಲ.

"ಯಾಕೆ ಹಿಂಗೆ ಸಪ್ಪಗಿದ್ದೀಯ?" ನೆಸ್ಟಾ ಅವಳ ತೋಳು ತಟ್ಟಿದಳು. "ಸಿಗಲಿಲ್ಲ ಅಂದ್ರೆ ಇಬ್ರಿಗೂ ಸಿಗಲಿಲ್ಲ, ಅಷ್ಟೇ ತಾನೇ."

ಆ ಹೊತ್ತಿಗೆ ಬಂಡೆಯ ಮೇಲಿಂದ ಹಗ್ಗ ಹಿಡಿದು ಒಬ್ಬ ಕೆಲಸಗಾರ ಇಳಿದ. ಸಡಿಲವಾದ ಕಲ್ಲು ಬೀದಿಗೆ ಬೀಳದಂತೆ ತಟ್ಟಿ ತೆಗೆಯುವುದು ಅವನ ಕೆಲಸ. ಬೆರಿಲ್‌ಳನ್ನು ಕಂಡು ನಕ್ಕ.

"ಮತ್ತೆ ಬಂದ್ರಾ ಮೇಡಂ? ಗುರುವಾರ ನಾನು ಮೇಲೆ ನೇತಾಡ್ತಿದ್ದೆ. ಕೆಂಪು ರೆಕ್ಕೆಯ ಹಕ್ಕಿ ನೋಡಿ ನೀವು ಅಳ್ತಾ ನಿಂತಿದ್ರಿ. ಅದು ಹೆದರಬಾರ್ದು ಅಂತ ನಾನೂ ಸುತ್ತಿಗೆ ನಿಲ್ಲಿಸ್ದೆ."

ಬೆರಿಲ್‌ಳ ಕಿವಿ ಬಿಸಿಯಾಯಿತು. ನೆಲ ಬಾಯಿಬಿಡಬಾರದೇ ಎನಿಸಿತು. ನೆಸ್ಟಾ ಅವನಿಗೆ ಥ್ಯಾಂಕ್ಸ್ ಹೇಳಿ, ಶಾಲು ತೆಗೆದು ಬೆರಿಲ್‌ಳ ಕೈಗಿಟ್ಟು, ಕುರ್ಚಿ ಮಡಚಿದಳು.

ಭಾನುವಾರ ಹೊರಡಲು ಪೆಟ್ಟಿಗೆಗೆ ಬಟ್ಟೆ ತುಂಬುತ್ತಿದ್ದಾಗ ನೆಸ್ಟಾ ತಿರುಗದೆಯೇ ಕೇಳಿದಳು. "ಎಷ್ಟು ಹೊತ್ತಿತ್ತು ಅದು?"

ಒಂದು ಕ್ಷಣ ಎನ್ನಲು ಬೆರಿಲ್ ಬಾಯಿ ತೆರೆದಳು. ಇನ್ನೊಂದು ಸುಳ್ಳು ಹೊರಡಲಿಲ್ಲ. "ಎಂಟು ನಿಮಿಷ."

"ಇಲ್ಲಿಂದ ಐದು ನಿಮಿಷದ ದಾರಿ," ಎಂದಳು ನೆಸ್ಟಾ. "ಕುಂಟ್ಕೊಂಡು ಬಂದಿದ್ರೆ ಏಳು."

"ನೆಸ್ಟಾ, ನಾನು..."

"ಈಗ ಬೇಡ ಕಣೇ. ನನ್ನ ಕೋಪ ಇನ್ನೂ ಮುಗಿದಿಲ್ಲ."

ಮೆಟ್ಟಿಲಿಳಿಯುವಾಗ ಬೆರಿಲ್ ಚಾಚಿದ ತೋಳನ್ನು ಬಿಟ್ಟು ನೆಸ್ಟಾ ಪಕ್ಕದ ಕಂಬಿ ಹಿಡಿದಳು. ಪಾದದಿಂದ ಅಂಚು ತಡವುತ್ತ ಒಂದೊಂದೇ ಮೆಟ್ಟಿಲಿಳಿದಳು. ಬೆರಿಲ್ ಎರಡು ಮೆಟ್ಟಿಲು ಹಿಂದೆ ಬಂದಳು. ನಿಲ್ದಾಣದಲ್ಲಿ ರೈಲಿನ ಹೊತ್ತು ತೋರಿಸುವ ಫಲಕದ ಕೆಳಗೆ ನೆಸ್ಟಾ ಬಹಳ ಹೊತ್ತು ಕತ್ತೆತ್ತಿ ನಿಂತಳು.

"ಓದು," ಎಂದಳು ಕೊನೆಗೆ. "ನಂಗೆ ಕಾಣ್ತಿಲ್ಲ."

ಬೆರಿಲ್ ಓದಿ ಹೇಳಿದಳು. ಪ್ಲಾಟ್‌ಫಾರಂ ಸಂಖ್ಯೆ ಹೇಳುವಾಗ ದನಿ ನಡುಗಿದ್ದರಿಂದ ಇನ್ನೊಮ್ಮೆ ಓದಬೇಕಾಯಿತು.