ಫೇಸ್ ಬದಲಾಯಿಸಿದ ಮಧ್ಯಾಹ್ನ

ನನ್ನ ತಮ್ಮ ಕಾಂತರಾಜನಿಗೆ ಒಂದು ಕೆಟ್ಟ ಚಾಳಿ ಇದೆ. ಸರಿಯಾಗಿ ಓಡುತ್ತಿರುವ ಯಂತ್ರವನ್ನು ಅದರ ಪಾಡಿಗೆ ಬಿಡುವುದು ಅವನ ಜಾಯಮಾನದಲ್ಲೇ ಇಲ್ಲ. ಹುಣಸೂರಿನಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟುಕೊಂಡಿರುವುದರಿಂದ ಆ ಚಾಳಿಯೇ ಅವನ ಹೊಟ್ಟೆ ತುಂಬಿಸುತ್ತಿದೆ. ಅವನು ಭೇರ್ಯದ ನಮ್ಮ ಮನೆಗೆ ತನ್ನ ಹಳೆಯ ವಿಡಿಯೋ ಗೇಮ್ ಪೆಟ್ಟಿಗೆ ಹೊತ್ತು ತಂದು ಟಿವಿಗೆ ಸಿಕ್ಕಿಸುತ್ತಿದ್ದಾಗ ನನಗೆ ಮೈಯೆಲ್ಲ ಉರಿದುಹೋಯಿತು.

"ಮಕ್ಕಳಾಡೋ ಸಾಮಾನು ತಂದಿದ್ದೀಯಲ್ಲೋ, ನಿಂಗೇನಾರ ಬುದ್ಧಿ ಐತಾ?" ಎಂದೆ.

"ಭಾವ ಇಡೀ ದಿನ ಗೋಡೆ ನೋಡ್ಕಂಡು ಕೂತವ್ರೆ. ಗೋಡೆಗಿಂತ ಟಿವಿ ವಾಸಿ ಕಣಕ್ಕ," ಎಂದ.

ಅವನು ಹೇಳಿದ್ದು ನಿಜವಾಗಿತ್ತು.

ಬಸ್ ನಿಲ್ದಾಣದ ಹತ್ತಿರ ನಮ್ಮದೊಂದು ಕಬ್ಬಿನ ಹಾಲಿನ ಅಂಗಡಿ ಇದೆ. ಕಳೆದ ಬೇಸಿಗೆಯಲ್ಲಿ ನನ್ನ ಗಂಡ ಬಸವಪ್ರಸಾದ್ ಮೆಷಿನ್ನಿಗೆ ಕಬ್ಬು ಕೊಡುತ್ತಿದ್ದರು, ನಾನು ಹಿಂದೆ ನಿಂತು ಲೋಟ ತೊಳೆಯುತ್ತಿದ್ದೆ. ಊಟ ತಂದ ನಮ್ಮತ್ತೆ ಸುಂದ್ರಮ್ಮ ರಸ್ತೆಯಾಚೆಯಿಂದಲೇ, "ಪ್ರಸಾದಾ, ಬಾರಪ್ಪ ಉಣ್ಣು" ಎಂದು ಕೂಗಿದರು. ಇವರು ಅತ್ತ ತಿರುಗಿದರು. ಕಬ್ಬಿನ ಜೊತೆ ಬಲಗೈಯೂ ಉರುಳೆಗಳ ನಡುವೆ ಹೋಯಿತು. ಮೈಸೂರಿನ ಆಸ್ಪತ್ರೆಯಲ್ಲಿ ಹೆಬ್ಬೆರಳೊಂದನ್ನು ಮಾತ್ರ ಉಳಿಸಿದರು.

ಅಂದಿನಿಂದ ಇವರು ಎಲ್ಲರೊಂದಿಗೂ ಮಾತು ಕಡಿಮೆ ಮಾಡಿದರು. ಅತ್ತೆಯೊಂದಿಗೆ ಮಾತ್ರ ಪೂರ್ತಿ ನಿಲ್ಲಿಸಿಬಿಟ್ಟರು. ಅತ್ತೆ ಅನ್ನ ಕಲಸಿ ತುತ್ತಿಟ್ಟರೆ ತಲೆ ತಗ್ಗಿಸುವುದು, ನೀರು ಕೊಟ್ಟರೆ ಗೋಡೆಗೆ ತಿರುಗುವುದು. ಅತ್ತೆ ಅಡುಗೆಮನೆಗೆ ಬಂದು ನನ್ನೆದುರು ಕಣ್ಣೊರೆಸಿಕೊಳ್ಳುತ್ತಿದ್ದರು.

"ನಾನು ಕೂಗ್ದೆ ಇದ್ದಿದ್ರೆ ಅವನ ಕೈ ಉಳೀತಿತ್ತು ಚೈತ್ರ. ಅದ್ಕೇ ಅವ್ನು ನನ್ ಕುಟ್ಟೆ ಮಾತಾಡಕಿಲ್ಲ."

"ಅಂಗೇನಿಲ್ಲ ಬುಡಿ ಅತ್ತೆ," ಎನ್ನುತ್ತಿದ್ದೆ. ಒಳಗೊಳಗೆ ನನಗೂ ಅದೇ ಅನುಮಾನವಿತ್ತು. ಹಾಗೇನಾದರೂ ಇದ್ದರೆ ಒಂದು ದಿನ ಜಗಳವಾಡಿ ಮುಗಿಸಬಾರದೇ ಎಂದು ಇವರ ಮೇಲೆ ಸಿಟ್ಟೂ ಬರುತ್ತಿತ್ತು. ನಮ್ಮ ತವರಿನಲ್ಲಿ ಎಲ್ಲವೂ ಜಗಳದಲ್ಲೇ ಇತ್ಯರ್ಥವಾಗುವುದು. ಈ ಮೌನದ ವ್ಯವಹಾರ ನನಗೆ ಒಗ್ಗುವುದಿಲ್ಲ.

ಆ ಗೇಮ್ ಪೆಟ್ಟಿಗೆಗೆ ಎರಡು ಕೈಯಲ್ಲಿ ಹಿಡಿದು ಒತ್ತುವ ಹಿಡಿಕೆ ಇತ್ತು. ಎಡಗಡೆಯ ಗುಂಡಿಗಳು ಇವರ ಪಾಲಿಗೆ, ಬಲಗಡೆಯವು ನನ್ನ ಪಾಲಿಗೆ. ಒಂದೇ ಹಿಡಿಕೆಯನ್ನು ಗಂಡಹೆಂಡಿರಿಬ್ಬರೂ ಹಿಡಿದುಕೊಂಡು ಕಾರು ಓಡಿಸುತ್ತಿದ್ದೆವು. ತಿರುಗಿಸುವುದು ಇವರು, ಬ್ರೇಕ್ ಒತ್ತುವುದು ನಾನು.

"ಬ್ರೇಕ್ ಒತ್ತೇ!"

"ಒತ್ತಿದೀನಲ್ರೀ!"

ಕಾರು ಸೀದಾ ಸಮುದ್ರಕ್ಕೆ ಹಾರಿತು. ಇವರು ಗಹಗಹಿಸಿ ನಕ್ಕರು. ಕೈ ಹೋದ ಮೇಲೆ ನಾನು ಕೇಳಿದ ಮೊದಲ ನಗು ಅದು. ಆ ನಗು ಕೇಳಿ ಅತ್ತೆ ಹೊಸಿಲಾಚೆ ಬಂದು ಕೂತರು. ಮರುದಿನವೂ ಕೂತರು. ನಾಲ್ಕು ದಿನ ಕಳೆಯುವುದರಲ್ಲಿ ಅವರಿಗೆ ರೇಸು ಪೂರ್ತಿ ಅರ್ಥವಾಗಿ, "ಆ ಕೆಂಪು ಕಾರ್ನೋನ್ಗೆ ದಾರಿ ಬುಡ್ಬೇಡ್ರೋ" ಎಂದು ಅಲ್ಲಿಂದಲೇ ಹೇಳತೊಡಗಿದರು. ಇವರು ಹಿಂತಿರುಗಿ ನೋಡಲಿಲ್ಲ. ಆದರೆ ಕಾರನ್ನು ಬೇಕೆಂದೇ ಎಡಕ್ಕೆ ಎಳೆದು ಕೆಂಪು ಕಾರಿಗೆ ಅಡ್ಡ ಹಾಕಿದರು. ಆ ದಿನವೆಲ್ಲ ಅತ್ತೆಯ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ನನಗೂ ಎಷ್ಟು ಸಂತೋಷವಾಯಿತೆಂದರೆ, ಕಾಂತರಾಜನಿಗೆ ಫೋನು ಮಾಡಿ ಬೈದದ್ದನ್ನೆಲ್ಲ ವಾಪಸ್ ತೆಗೆದುಕೊಂಡೆ.

ಆದರೆ ಅಂಗಡಿ ಈಗ ನನ್ನ ತಲೆಯ ಮೇಲೇ ಇತ್ತು. ನಾನಿಲ್ಲದಾಗ ಅರ್ಧ ಹಿಡಿಕೆಯಲ್ಲಿ ಇವರು ಏನೂ ಮಾಡುವಂತಿರಲಿಲ್ಲ. ಮತ್ತೆ ಗೋಡೆ ನೋಡುತ್ತಿದ್ದರು, ಅತ್ತೆ ಮತ್ತೆ ಅಡುಗೆಮನೆ ಸೇರುತ್ತಿದ್ದರು. ಇದನ್ನು ಫೋನಿನ ಸ್ಪೀಕರ್ ಹಾಕಿ ಕಾಂತರಾಜನಿಗೆ ಹೇಳಿದೆ.

"ಎಲ್ಲಾ ಗುಂಡೀನೂ ಎಡಗಡೆಗೇ ತರೋ ಸಾಫ್ಟ್‌ವೇರ್ ಒಂದದೆ ಅಕ್ಕ. ಕಂಪ್ನಿಯೋರ್ದಲ್ಲ, ಆಡೋರೇ ಮನೇಲಿ ಕೂತು ಬರ್ದಿರೋದು. ಹಾಕ್ದ್ರೆ ಕಂಪ್ನಿಯೋರು ಆಮ್ಯಾಕೆ ರಿಪೇರಿಗೆ ಮುಟ್ಟಕಿಲ್ಲ. ಇಂಟರ್ನೆಟ್ಟಲ್ಲಿ ಆಡೋಕೋದ್ರೆ ಕಂಡುಹಿಡ್ದು ಬಾಗ್ಲು ಹಾಕ್ತಾರೆ, ನನ್ ಇನ್ನೊಂದ್ ಪೆಟ್ಟಿಗೆಗೆ ಅಂಗೇ ಆಯ್ತು. ಅದೆಲ್ಲ ಓಗ್ಲಿ, ಹಾಕೋವಾಗ ನಡುವೆ ಕರೆಂಟ್ ಓದ್ರೆ ಮಾತ್ರ ಮುಗೀತು. ಇಟ್ಟಿಗೆ ಆಗ್ಬುಡ್ತದೆ."

"ಇಟ್ಟಿಗೆ ಅಂದ್ರೆ?"

"ಇಟ್ಟಿಗೆ ಅಂದ್ರೆ ಇಟ್ಟಿಗೆ ಕಣಕ್ಕ. ಗೋಡೆ ಕಟ್ಬೋದು, ಅಷ್ಟೇ. ಯಾರ ಕೈಲೂ ಮತ್ತೆ ಏಳ್ಸೋಕಾಗಲ್ಲ."

ಬೇಡವೇ ಬೇಡ ಎಂದೆ. ಇರುವ ಅರ್ಧ ನಗುವನ್ನೂ ಕಳೆದುಕೊಳ್ಳಲು ನಾನು ತಯಾರಿರಲಿಲ್ಲ. ಪಕ್ಕದಲ್ಲೇ ಕೂತಿದ್ದ ಇವರು, "ಹಾಕ್ಲಿ ಬುಡು ಚೈತ್ರ. ನನ್ ಆಟ ನಾನೇ ಆಡ್ತೀನಿ," ಎಂದರು. ಅಷ್ಟು ಆಸೆಯಿಂದ ಅವರು ಏನನ್ನಾದರೂ ಕೇಳಿ ಎಷ್ಟೋ ತಿಂಗಳಾಗಿತ್ತು. ನಾನು ಕರಗಿಹೋದೆ.

ಕಾಂತರಾಜ ಒಂದು ಭಾನುವಾರ ಬಂದ. ಬರುವ ಮೊದಲೇ ಲೈನ್‌ಮನ್‌ಗೆ ಫೋನು ಮಾಡಿಸಿದ್ದ. ಮಧ್ಯಾಹ್ನ ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕೊಡುತ್ತಾರೆ, ಆಗ ಕರೆಂಟ್ ತೆಗೆಯುವುದಿಲ್ಲ ಎಂದು ಲೈನ್‌ಮನ್ ಹೇಳಿದ್ದ. ಫ್ರಿಜ್ಜು ಬಂದ್ ಮಾಡಿಸಿದ, ಮಿಕ್ಸಿ ಮುಟ್ಟಬೇಡ ಎಂದ, ಯಾರಾದರೂ ವೈರು ಎಡವಿಯಾರು ಎಂದು ಬಾಗಿಲು ಹಾಕಿದ. ಇಷ್ಟೆಲ್ಲ ಜಾಗ್ರತೆ ಮಾಡಿದೆವು. ಹಿತ್ತಿಲಲ್ಲಿ ಅವರೆಕಾಯಿ ಬಿಡಿಸುತ್ತಿದ್ದ ಅತ್ತೆಗೆ ಒಂದು ಮಾತು ಹೇಳಬೇಕೆಂದು ನಮಗೆ ಯಾರಿಗೂ ಹೊಳೆಯಲಿಲ್ಲ.

ನಮ್ಮ ಕಡೆ ತ್ರೀ ಫೇಸ್ ಬಂದ ಕೂಡಲೇ ಗದ್ದೆ ಬಯಲಿನ ಪಂಪ್‌ಸೆಟ್ಟುಗಳೆಲ್ಲ ಒಟ್ಟಿಗೇ ಏಳುತ್ತವೆ. ಯಾವುದೋ ಒಂದು ಫೇಸಿನ ಮೇಲೆ ಭಾರ ಬಿದ್ದು ಆ ಸಾಲಿನ ಮನೆಗಳಲ್ಲಿ ದೀಪ ಮಂಕಾಗುತ್ತದೆ. ಅದಕ್ಕೆಂದೇ ಜಗುಲಿಯ ಮೀಟರ್ ಪಕ್ಕ ಒಂದು ತಿರುಗಿಸುವ ಸ್ವಿಚ್ಚಿದೆ. ಮಂಕಾದರೆ ಇನ್ನೊಂದು ಫೇಸಿಗೆ ತಿರುಗಿಸಿದರಾಯಿತು, ರೆಪ್ಪೆ ಬಡಿಯುವಷ್ಟು ಹೊತ್ತು ಕರೆಂಟ್ ಹೋಗಿ ಬರುತ್ತದೆ. ಅದನ್ನು ನಾವು ಯಾರೂ ಕರೆಂಟ್ ಹೋದ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹುಣಸೂರು ಪೇಟೆಯ ನನ್ನ ತಮ್ಮನಿಗಂತೂ ಅಂಥದೊಂದು ಸ್ವಿಚ್ಚಿದೆ ಎಂದೇ ಗೊತ್ತಿರಲಿಲ್ಲ. ನಮ್ಮ ಮನೆಯಲ್ಲಿ ಅದು ಅತ್ತೆಯ ಕೆಲಸ.

ಟಿವಿಯ ಮೇಲೆ ಬಿಳಿ ಗೆರೆಯೊಂದು ಆಮೆಯ ಹಾಗೆ ಮುಂದೆ ಹೋಗುತ್ತಿತ್ತು. ಮೂವರೂ ಉಸಿರು ಬಿಗಿಹಿಡಿದು ಕೂತಿದ್ದೆವು. ಇನ್ನೇನು ಸ್ವಲ್ಪವೇ ಬಾಕಿ ಎನ್ನುವಾಗ ಬಲ್ಬು ಮಂಕಾಯಿತು. ಹಿತ್ತಿಲಿಂದ ಜಗುಲಿಗೆ ಹೋಗುವ ಹೆಜ್ಜೆಯ ಸದ್ದು ಕೇಳಿತು. ನಾನು "ಅತ್ತೇ" ಎಂದು ಬಾಯಿ ತೆರೆಯುವಷ್ಟರಲ್ಲಿ ಟಿವಿ ಕಪ್ಪಾಯಿತು.

ಮರುಗಳಿಗೆ ಬಲ್ಬು ಝಗ್ಗನೆ ಹತ್ತಿತು. ಟಿವಿಯೂ ಬಂತು. ಪೆಟ್ಟಿಗೆಯ ದೀಪ ಮಾತ್ರ ಹತ್ತಲಿಲ್ಲ. ಕಾಂತರಾಜ ಗುಂಡಿ ಒತ್ತಿದ, ವೈರು ಕಿತ್ತು ಹಾಕಿದ, ಮತ್ತೆ ಒತ್ತಿದ, ಕೊನೆಗೆ ತಲೆಯ ಮೇಲೆ ಕೈ ಹೊತ್ತು ಕೂತ.

"ಈಗ ಚೆಂದಾಗಿ ಬತ್ತಾ ಕರೆಂಟು?" ಜಗುಲಿಯಿಂದ ಅತ್ತೆಯ ಗೆಲುವಿನ ದನಿ. "ಕಿಟ್ಕೀಲಿ ನೋಡ್ದೆ, ಮಂಕಾಗಿತ್ತು, ಬದ್ಲಾಯಿಸ್ದೆ. ಆಡ್ಲಿ ಮಗ."

ಕಾಂತರಾಜ ಬಾಗಿಲು ತೆರೆದು, "ಏನ್ ಮಾಡ್ಬುಟ್ರಿ ಅತ್ತೆ! ಎಲ್ಲಾ ಓಯ್ತು!" ಎಂದು ಕೂಗಿಬಿಟ್ಟ. ಕಪಾಳಕ್ಕೆ ಬಾರಿಸೋಣ ಎನ್ನಿಸಿತು ನನಗೆ. ಅತ್ತೆಯ ಕೈ ಇನ್ನೂ ಸ್ವಿಚ್ಚಿನ ಮೇಲೇ ಇತ್ತು. ಒಳಗೆ ಇಣುಕಿ ನೋಡಿದರು, ನಮ್ಮ ಮುಖಗಳನ್ನು ನೋಡಿದರು. ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಅಲ್ಲೇ ಜಗುಲಿಯ ಮೇಲೆ ಕೂತು ಅಳತೊಡಗಿದರು.

"ನನ್ ಮಗ ನಗ್ತಿದ್ದಿದ್ದೇ ಅದರಿಂದ. ಅದ್ನೂ ನಾನೇ ಕಿತ್ಕೊಂಡೆ. ಅವತ್ತು ಕೈ ತೆಗುದ್ದೋಳೂ ನಾನೇ. ನಾನು ಯಾಕಾದ್ರೂ ಕೂಗುದ್ನೋ, ಯಾಕಾದ್ರೂ ಮುಟ್ಟುದ್ನೋ..."

ಇವರು ಎದ್ದರು. ಸತ್ತ ಪೆಟ್ಟಿಗೆಯ ಕಡೆ ತಿರುಗಿಯೂ ನೋಡದೆ ಜಗುಲಿಗೆ ಹೋಗಿ ಅತ್ತೆಯ ಎದುರು ಕೂತರು.

"ಅವ್ವ, ಇಷ್ಟು ದಿವ್ಸವೂ ಅಂಗೇ ಅಂದ್ಕೊಂಡಿದ್ಯಾ?"

"ಮತ್ತೆ ನೀನ್ಯಾಕಪ್ಪ ನನ್ ಕುಟ್ಟೆ ಮಾತಾಡ್ನಿಲ್ಲ?"

"ನಾಚ್ಕೆ ಕಣವ್ವ. ನಿನ್ನ ಸಾಕೋ ವಯಸ್ಸಲ್ಲಿ ನೀನೇ ಅನ್ನ ಕಲ್ಸಿ ಬಾಯಿಗಿಕ್ತಿದ್ರೆ ಏನಂತ ಮಾತಾಡ್ಲಿ?" ಬಲಗೈಯ ಹೆಬ್ಬೆರಳಿನಿಂದಲೇ ಅತ್ತೆಯ ಕೆನ್ನೆ ಒರೆಸಿದರು. ಆ ಕೈಯನ್ನು ಅವರು ಯಾರಿಗೂ ಮುಟ್ಟಿಸಿದ್ದನ್ನು ನಾನು ನೋಡಿರಲಿಲ್ಲ. "ನೀನು ಕೂಗೋಕೆ ಮುಂಚೇನೇ ಕೈ ಸಿಕ್ಕಾಕ್ಕೊಂಡಿತ್ತು ಕಣವ್ವ. ಕಬ್ಬು ಡೊಂಕಿತ್ತು, ನಾನೇ ಜೋರಾಗಿ ತಳ್ದೆ. ನಿನ್ ಕೂಗು ಕೇಳ್ಸಿದ್ದು ಆಮ್ಯಾಕೆ."

ಅತ್ತೆ ಅಳು ನಿಲ್ಲಿಸಿ ಮಗನ ಮುಖವನ್ನೇ ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಹೌದೇನವ್ವ ಚೈತ್ರ? ನೀನು ಅಲ್ಲೇ ಇದ್ಯಲ್ಲ."

ಇವರೂ ನನ್ನನ್ನು ನೋಡಿದರು. ಸುಳ್ಳು ಹೇಳುವವರನ್ನು ಕಂಡರೆ ನನಗೆ ಆಗುವುದಿಲ್ಲ, ಅದು ಇಡೀ ಬೀದಿಗೆ ಗೊತ್ತು.

"ಹೌದು ಅತ್ತೆ," ಎಂದೆ. "ಮೊದ್ಲು ಇವ್ರು ಕಿರುಚ್ಕೊಂಡ್ರು. ನೀವು ಕೂಗಿದ್ದು ಆಮ್ಯಾಕೇನೆ."