ಇಬ್ಬರೇ ಬಲ್ಲ ಮಾತು

"ಈ ಗುಡ್ಡದ ಜನಕ್ಕೆ ಅವರದೇ ಒಂದು ಭಾಷೆ ಇತ್ತು," ಎಂದು ಅವಳು ಮೈಕಿನಲ್ಲಿ ಹೇಳುತ್ತಿದ್ದಾಗ ಸೊಂಟದ ಚೀಲದೊಳಗೆ ಫೋನು ಮೂರನೆಯ ಸಲ ಗುರುಗುಟ್ಟಿತು. ಬಸ್ಸು ತಿರುವಿನಲ್ಲಿತ್ತು. ಮೂವತ್ತೆರಡು ಪ್ರವಾಸಿಗರು ಒಟ್ಟಿಗೆ ಎಡಕ್ಕೆ ವಾಲಿ ಮತ್ತೆ ನೆಟ್ಟಗಾದರು. "ಈಗ ಅದನ್ನ ಆಡೋರು ಇಬ್ಬರೇ ಉಳಿದಿದ್ದಾರೆ. ಒಬ್ಬರನ್ನ ಇನ್ನು ಹತ್ತು ನಿಮಿಷದಲ್ಲಿ ನೀವೇ ನೋಡ್ತೀರಿ."

ಇನ್ನೊಬ್ಬರು ಯಾರೆಂದು ಯಾರೂ ಕೇಳಲಿಲ್ಲ. ಆರು ವರ್ಷದಿಂದ ದಿನಕ್ಕೆರಡು ಸಲ ಅವಳು ಇದೇ ಪಾಠ ಒಪ್ಪಿಸುತ್ತಿದ್ದಳು. ಕೇಳಿದವರು ಒಬ್ಬರೂ ಇರಲಿಲ್ಲ. ಇನ್ನೊಬ್ಬರೆಂದರೆ ಅವಳ ದೊಡ್ಡಮ್ಮ. ತಾಯಿ ತೀರಿಕೊಂಡ ಮೇಲೆ ಅವಳನ್ನು ಸಾಕಿ ಬೆಳೆಸಿದವಳು. ಸಾಕುವಾಗ ತನ್ನ ಮಾತಿನ ಒಂದು ಪದವನ್ನೂ ಮಗುವಿನ ಕಿವಿಗೆ ಬೀಳಿಸಿರಲಿಲ್ಲ. "ಕಲೀಬೇಡ. ಗುಡ್ಡದ ಕೆಳಗಿನೋರು ನಗ್ತಾರೆ," ಎಂದಿದ್ದಳು. ಮೂರು ತಿಂಗಳ ಹಿಂದೆ ಪಾರ್ಶ್ವವಾಯು ಬಡಿದು ಬಲಗೈ ಬಿದ್ದುಹೋಯಿತು. ಕೈಯ ಜೊತೆಗೆ, ಕೆಳಗಿನವರಿಂದ ಕಲಿತ ಮಾತೂ ಪೂರ್ತಿ ಹೋಯಿತು. ಉಳಿದದ್ದು ಗುಡ್ಡದ ಮಾತೊಂದೇ.

ಬಸ್ಸು ನಿಂತ ಮೇಲೆ ಫೋನು ಎತ್ತಿದಳು. ದೊಡ್ಡಮ್ಮನಿದ್ದ ವೃದ್ಧಾಶ್ರಮದ ನರ್ಸು.

"ಇವತ್ತೂ ಒಂದು ಚಮಚ ಒಳಗೆ ಹೋಗಿಲ್ಲ. ಮೂರನೇ ದಿನ. ಡಾಕ್ಟರು ನಾಳೆ ಬೆಳಿಗ್ಗೆ ಪಟ್ಟಣಕ್ಕೆ ಕಳಿಸಿ ಮೂಗಿಗೆ ನಳಿಗೆ ಹಾಕಿಸೋಣ ಅಂದ್ರು. ನೀವು ಬಂದು ಸಹಿ ಮಾಡ್ಬೇಕು."

"ಏನಾದ್ರೂ ಹೇಳ್ತಿದ್ದಾರಾ?"

"ಅದೇ ಒಂದು ಮಾತು. ನಿನ್ನೆ ನೀವೂ ಕೇಳಿದ್ರಲ್ಲ, ಮೂಗಿನಿಂದ ಶುರುವಾಗೋದು. ಬೇಡ ಅಂತಿರಬೇಕು."

ನಿನ್ನೆ ಸಂಜೆ ಅವಳೂ ಚಮಚ ಹಿಡಿದು ಅರ್ಧ ಗಂಟೆ ಕೂತಿದ್ದಳು. ದೊಡ್ಡಮ್ಮ ಅವಳನ್ನೇ ದುರುಗುಟ್ಟಿ ನೋಡುತ್ತಾ ಆ ಪದವನ್ನು ಹೇಳಿದ್ದಳು, ಮತ್ತೆ ಹೇಳಿದ್ದಳು, ಕೊನೆಗೆ ಗೋಡೆಯ ಕಡೆ ತಿರುಗಿಬಿಟ್ಟಿದ್ದಳು. ಬೇಡ ಅನ್ನುವವರ ಮುಖ ಅದಾಗಿರಲಿಲ್ಲ. ಕಿವುಡರ ಜೊತೆ ಮಾತಾಡಿ ಸಾಕಾದವರ ಮುಖ.

ಪ್ರವಾಸಿಗರು ಆಗಲೇ ಗುಡಿಸಲಿನ ಮುಂದೆ ಸಾಲುಗಟ್ಟಿದ್ದರು. ಗುಡಿಸಲು ಹೊಸದು, ಹಳೆಯದರಂತೆ ಕಾಣಲೆಂದು ಗೋಡೆಗೆ ಹೊಗೆಬಣ್ಣ ಬಳಿದಿದ್ದರು. ಒಳಗೆ ಮಣೆಯ ಮೇಲೆ ಬುಟ್ಟಿ ಹೆಣೆಯುತ್ತಾ ಕೂತವನು ಫೋಟೋ ಅಜ್ಜ. ಪ್ರವಾಸೋದ್ಯಮದವರು ಕೊಟ್ಟ ಕಂಬಳಿ ಹೊದ್ದು, ಬೆಳಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ಅದೇ ಬುಟ್ಟಿಯನ್ನು ಹೆಣೆದು, ಬಿಚ್ಚಿ, ಮತ್ತೆ ಹೆಣೆಯುವುದು ಅವನ ಕೆಲಸ. ಅವನು ಈ ಕೆಲಸ ಹಿಡಿದ ದಿನ ದೊಡ್ಡಮ್ಮ ಬಂದು ನೋಡಿ, "ಬೊಂಬೆ" ಎಂದು ಉಗಿದು ಹೋಗಿದ್ದಳು. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಜಗತ್ತಿನಲ್ಲಿ ಆ ಭಾಷೆ ಬಲ್ಲವರು ಇಬ್ಬರು, ಆ ಇಬ್ಬರೂ ಆರು ವರ್ಷದಿಂದ ಮುನಿಸಿಕೊಂಡು ಕೂತಿದ್ದರು.

ಅವಳು ಕ್ಯಾಮೆರಾಗಳ ನಡುವೆ ನುಗ್ಗಿ ಅಜ್ಜನ ಪಕ್ಕ ಕುಕ್ಕರಗಾಲಲ್ಲಿ ಕೂತಳು. "ಅಜ್ಜ, ಏಳಿ. ದೊಡ್ಡಮ್ಮ ಊಟ ಬಿಟ್ಟಿದ್ದಾರೆ. ಏನು ಹೇಳ್ತಿದ್ದಾರೆ ಅಂತ ಒಬ್ಬರಿಗೂ ಅರ್ಥ ಆಗ್ತಿಲ್ಲ."

ಅಜ್ಜನ ಕೈ ನಿಂತಿತು. "ನನ್ನ ಮುಖ ಕಂಡ್ರೆ ಅವಳು ಇರೋ ಉಸಿರೂ ಬಿಡ್ತಾಳೆ."

"ಬೈಲಿ ಪರವಾಗಿಲ್ಲ. ಬೈದ್ರೂ ನಿಮಗೆ ಅರ್ಥ ಆಗತ್ತಲ್ಲ."

ಪ್ರವಾಸೋದ್ಯಮದ ಮ್ಯಾನೇಜರು ಬಾಗಿಲಲ್ಲೇ ಅಡ್ಡ ನಿಂತ. "ಗೈಡಮ್ಮ, ಇದೇನಿದು? ಅಜ್ಜನ್ನ ಕರ್ಕೊಂಡು ಹೋದ್ರೆ ಬಂದವರಿಗೆ ಏನು ತೋರಿಸ್ಲಿ, ಬರೀ ಗೋಡೆನಾ?"

"ಊಟದ ಬಿಡುವು ಒಂದು ಗಂಟೆ ಇದೆ. ಹೋಗಿ ಬರೋಕೆ ನಲವತ್ತು ನಿಮಿಷ ಸಾಕು."

"ತಡ ಆದ್ರೆ?"

"ಆದ್ರೆ ಆಗತ್ತೆ. ಅಷ್ಟೊತ್ತು ಗೋಡೆನೇ ತೋರಿಸಿ. ಬಣ್ಣ ಚೆನ್ನಾಗಿದೆ."

ಕಂಬಳಿ ಬಿಸಾಡಿ ಎದ್ದ ಅಜ್ಜ ಒಳಗೆ ಹಾಕಿದ್ದ ಮಾಸಲು ಅಂಗಿಯಲ್ಲಿ ಇದ್ದಕ್ಕಿದ್ದಂತೆ ಸಣ್ಣವನಾಗಿ ಕಂಡ. ಮೂವತ್ತೆರಡು ಖಾಲಿ ಸೀಟುಗಳ ಬಸ್ಸಿನಲ್ಲಿ ಅವರಿಬ್ಬರೇ ಇಳಿಜಾರು ಇಳಿದರು. ಡ್ರೈವರು ಹಾರ್ನು ಎಂದಿಗಿಂತ ಹೆಚ್ಚು ಹೊಡೆದ.

ದೊಡ್ಡಮ್ಮ ಕಿಟಕಿಯ ಪಕ್ಕದ ಮಂಚದಲ್ಲಿ ದಿಂಬಿಗೆ ಒರಗಿದ್ದಳು. ಕೆನ್ನೆ ಗುಳಿಬಿದ್ದಿತ್ತು. ಫೋಟೋ ಅಜ್ಜ ಹೊಸ್ತಿಲಲ್ಲಿ ನಿಂತು ಗಂಟಲು ಸರಿಮಾಡಿಕೊಂಡು ಏನೋ ಅಂದ. ದೊಡ್ಡಮ್ಮನ ಕಣ್ಣು ಅತ್ತ ತಿರುಗಿತು. ಆಮೇಲೆ ಆ ಒಣಗಿದ ಬಾಯಿಂದ ಮಾತು ಬಂತು ನೋಡಿ! ಮೂರು ತಿಂಗಳು ಕಟ್ಟಿಟ್ಟದ್ದೆಲ್ಲ ಒಂದೇ ಸಮನೆ ಸುರಿಯಿತು. ಪಕ್ಕದ ಮಂಚದವರು ಎದ್ದು ಕೂತರು. ನರ್ಸು ಗಾಬರಿಯಿಂದ ಓಡಿಬಂದಳು. ಅಜ್ಜ ಮಾತ್ರ ತಲೆ ತಗ್ಗಿಸಿ, ಮಳೆಗೆ ಮೈಯೊಡ್ಡಿದವನಂತೆ ನಿಂತೇ ಇದ್ದ. ಅವನ ಮುಖ ಅರಳುತ್ತಿತ್ತು.

"ಬೈದ್ಲು," ಎಂದ ಕಣ್ಣೊರೆಸಿಕೊಂಡು. "ನಮ್ಮವ್ವ ಬೈತಿದ್ದ ಹಾಗೇ ಬೈದ್ಲು. ಅರ್ಧ ಮಾತು ನನಗೇ ಮರೆತುಹೋಗಿತ್ತು."

"ಊಟದ ವಿಷಯ ಕೇಳಿ ಅಜ್ಜ."

ಅವನು ಮಂಚದ ಅಂಚಿಗೆ ಕೂತು ಕೇಳಿದ. ದೊಡ್ಡಮ್ಮ ಆ ಮೂಗಿನ ಪದ ಹೇಳಿ ಎಡಗೈಯಿಂದ ದವಡೆ ತೋರಿಸಿದಳು. ಅಜ್ಜ ಹುಬ್ಬು ಗಂಟಿಕ್ಕಿದ. ಇನ್ನೊಮ್ಮೆ ಕೇಳಿದ. ಮತ್ತೆ ಅದೇ ಪದ.

"ಙಾಮಿ ಅಂತಿದ್ದಾಳೆ. ನನ್ನದಲ್ಲ ಅಂತ."

"ಏನು ನನ್ನದಲ್ಲ?"

"ಹಲ್ಲು. ಬಾಯಲ್ಲಿರೋ ಹಲ್ಲು ತನ್ನದಲ್ಲವಂತೆ."

ನರ್ಸು ನಿಧಾನವಾಗಿ ಬಗ್ಗಿ, ಮೊದಲ ಬಾರಿಗೆ ಒತ್ತಾಯ ಮಾಡದೆ ಕೈ ಚಾಚಿದಳು. ದೊಡ್ಡಮ್ಮ ತಾನಾಗಿಯೇ ಬಾಯಿ ತೆರೆದಳು. ಕಟ್ಟಿಸಿದ ಹಲ್ಲಿನ ಸೆಟ್ಟು ಕಷ್ಟಪಟ್ಟು ಹೊರಬಂತು. ಅದರಡಿ ಒಸಡು ಸುಲಿದು ಕೆಂಪಗಾಗಿತ್ತು. ರಾತ್ರಿ ಎಲ್ಲರ ಹಲ್ಲನ್ನೂ ಒಂದೇ ಬೋಗುಣಿಯಲ್ಲಿ ತೊಳೆದಿಡುವ ಆಯಾ ಹೊಸಬಳು. ಎರಡು ದಿನದ ಹಿಂದೆ ದೊಡ್ಡಮ್ಮ ಒಂದೇ ಕೈಯಲ್ಲಿ ಅದನ್ನು ಕಿತ್ತುಕೊಳ್ಳಲು ಹೋದಾಗ, ಹಠ ಮಾಡುತ್ತಾರೆಂದು ಇದೇ ನರ್ಸು ಆ ಕೈ ಹಿಡಿದಿದ್ದಳು. ಈಗ ಅವಳು ಸೆಟ್ಟನ್ನು ಅಂಗೈಯಲ್ಲಿಟ್ಟುಕೊಂಡು ತಲೆಯೆತ್ತದೆ ನಿಂತಳು.

ದೊಡ್ಡಮ್ಮನ ಹಲ್ಲು ಮೂರನೆಯ ಕೋಣೆಯ ನಿವೃತ್ತ ಪೋಸ್ಟ್‌ಮಾಸ್ತರರ ಬಾಯಲ್ಲಿ ಸಿಕ್ಕಿತು. "ನಾನೂ ಅಂದ್ಕೊಂಡೆ, ಮಾತಾಡಿದ್ರೆ ಉದುರ್ತಿದೆಯಲ್ಲ ಅಂತ," ಎಂದು ಅವರು ನಾಚಿಕೆಯಿಂದ ತೆಗೆದುಕೊಟ್ಟರು. "ವಯಸ್ಸಾದ್ರೆ ದವಡೆನೂ ಸವೀಬಹುದು ಅಂತ ಸುಮ್ಮನಿದ್ದೆ."

ಒಸಡು ಮಾಯುವ ತನಕ ಹಲ್ಲಿಲ್ಲದೆಯೇ ಉಣಿಸಬೇಕೆಂದು ಡಾಕ್ಟರು ಫೋನಿನಲ್ಲಿ ಹೇಳಿದರು. ಕಿವುಚಿದ ಬಾಳೆಹಣ್ಣು ಒಂದು ಬಟ್ಟಲು ಪೂರ್ತಿ ಹೋಯಿತು. ಪಟ್ಟಣದ ಕಾಗದಕ್ಕೆ ಅವಳು ಸಹಿ ಮಾಡಲಿಲ್ಲ. ಬಸ್ಸು ಒಂದೂಕಾಲು ಗಂಟೆ ತಡವಾಗಿ ಗುಡ್ಡ ಹತ್ತಿತು.

ಮ್ಯಾನೇಜರು ಕೂಗಾಡುತ್ತಾನೆಂದು ಅವಳು ಸಿದ್ಧವಾಗಿಯೇ ಹೋಗಿದ್ದಳು. ಅವನು ಕುರ್ಚಿ ತೋರಿಸಿದ. ಡ್ರೈವರನ ಫೋನಿನಿಂದ ಸುದ್ದಿ ಮೊದಲೇ ತಲುಪಿತ್ತು.

"ಇದು ಎಂಥಾ ಕಥೆ ಗೊತ್ತಾ ಗೈಡಮ್ಮ? ಕೊನೇ ಇಬ್ಬರು, ಮತ್ತೆ ಮಾತಾಡಿದ್ರು! ಆಶ್ರಮದಲ್ಲೇ ಒಂದು ಸ್ಟಾಪ್ ಮಾಡೋಣ. ಹದಿನೈದು ನಿಮಿಷ. ಬಂದವರು ದೂರ ನಿಂತು ನೋಡ್ತಾರೆ. ನಿಮ್ಮ ದೊಡ್ಡಮ್ಮಂಗೂ ಹೊತ್ತು ಹೋಗತ್ತೆ."

"ಇಲ್ಲ."

"ಯೋಚನೆ ಮಾಡಿ ಹೇಳಿ."

"ಮಾಡಿದೀನಿ. ಅವರು ಮಂಚದ ಮೇಲೆ ಮಲಗಿರೋ ಮನುಷ್ಯರು. ಆ ಬಾಗಿಲು ದಾಟಿ ಒಂದು ಕ್ಯಾಮೆರಾನೂ ಬರಲ್ಲ. ಬಂದ್ರೆ ಬಾಗಿಲಲ್ಲಿ ನಾನು ನಿಂತಿರ್ತೀನಿ."

ಮ್ಯಾನೇಜರು ಪೆನ್ನಿನ ಮುಚ್ಚಳ ಹಾಕಿ, ತೆಗೆದು, ಹಾಕಿದ. "ಹಾಗಾದ್ರೆ ಮೈಕು ಬೇರೆಯವರಿಗೆ ಕೊಡ್ಬೇಕಾಗತ್ತೆ."

"ಕೊಡಿ. ಟಿಕೆಟ್ ಕೌಂಟರು ನಾಲ್ಕಕ್ಕೇ ಮುಚ್ಚತ್ತಲ್ವಾ? ಅಲ್ಲಿಗೆ ಹಾಕಿ."

ಸೋಮವಾರದಿಂದ ಅವಳು ಕಿಂಡಿಯ ಹಿಂದೆ ಕೂತಳು. ಮಂಗಳವಾರ ಫೋಟೋ ಅಜ್ಜ ಮೂರು ಗಂಟೆಗೇ ಕಂಬಳಿ ಮಡಚಿಟ್ಟು, ಮೂರಾದ ಮೇಲೆ ತನಗೆ ಫೋಟೋದಲ್ಲಿ ಕಣ್ಣು ಮುಚ್ಚಿಹೋಗುತ್ತದೆಂದು ಮ್ಯಾನೇಜರಿಗೆ ತಿಳಿಸಿ ಇಳಿಜಾರು ಹಿಡಿದ. ಅವನನ್ನು ಬಿಟ್ಟರೆ ಬೇರೆ ಅಜ್ಜನಿಲ್ಲ. ಮ್ಯಾನೇಜರು ಬೋರ್ಡಿನಲ್ಲಿ ನಾಲ್ಕನ್ನು ಮೂರು ಎಂದು ತಿದ್ದಿಸಿದ.

ಅವಳು ಆಶ್ರಮ ತಲುಪುವ ಹೊತ್ತಿಗೆ ಇಬ್ಬರೂ ಜೋರಾಗಿ ಜಗಳವಾಡುತ್ತಿದ್ದರು. ನರ್ಸು ರಟ್ಟಿನ ಹಾಳೆಯೊಂದನ್ನು ಮಂಚದ ಮೇಲ್ಗಡೆ ಗೋಡೆಗೆ ಅಂಟಿಸಿದ್ದಳು. ನೋವು, ಹಸಿವು, ಸೆಕೆ, ಸಾಕು, ನನ್ನದಲ್ಲ. ಪ್ರತಿಯೊಂದರ ಎದುರು ಅಜ್ಜ ಹೇಳಿದ ಪದ. "ಈ ಙ ಇದೆಯಲ್ಲ," ಎಂದಳು ನರ್ಸು, "ಒಂದನೇ ಕ್ಲಾಸಲ್ಲಿ ತಿದ್ದಿದ್ದು ಬಿಟ್ರೆ ಇವತ್ತೇ ಬರೆದಿದ್ದು. ಯಾಕೆ ಕಲಿಸ್ತಾರೋ ಅಂದ್ಕೊಂಡಿದ್ದೆ."

ಸಾಕುಮಗಳು ಸ್ಟೂಲು ಎಳೆದುಕೊಂಡು ಮೊದಲನೆಯ ಪದ ಓದಿದಳು. ದೊಡ್ಡಮ್ಮ ಜಗಳ ನಿಲ್ಲಿಸಿ ಇತ್ತ ತಿರುಗಿದಳು. ಇವಳಿಗೆ ಯಾರು ಕಲಿಸಿದರು ಎಂಬಂತೆ ಅಜ್ಜನನ್ನೊಮ್ಮೆ ಕೆಂಗಣ್ಣಿನಿಂದ ನೋಡಿದಳು. ಅವಳು ಬಿಡದೆ ಇನ್ನೊಮ್ಮೆ ಹೇಳಿದಳು. ತಪ್ಪು. ಮತ್ತೂ ಹೇಳಿದಳು. ಅದೂ ತಪ್ಪೇ.

ದೊಡ್ಡಮ್ಮ ಎಡಗೈ ಚಾಚಿ ಅವಳ ಗದ್ದ ಹಿಡಿದಳು. ಹೆಬ್ಬೆರಳಿನಿಂದ ಕೆಳದವಡೆಯನ್ನು ತುಸು ಒತ್ತಿ, ತನ್ನ ಬೋಳು ಬಾಯನ್ನು ಅಗಲವಾಗಿ ತೆರೆದು, ನಾಲಿಗೆ ಎಲ್ಲಿ ನಿಲ್ಲಬೇಕೆಂದು ತೋರಿಸಿದಳು.