ಪುಟವೇ ಹೊಲಿದುಕೊಂಡ ಲೇಬಲ್ಲು

ಫೋನಿನಲ್ಲಿ ಜಾಗ ತುಂಬಿತು ಎಂಬ ತಲೆನೋವು ಇಲ್ಲದ ಮನೆ ಈಗ ಯಾವುದಿದೆ? ನಮ್ಮ ಬೀದಿಯ ಟೈಲರಮ್ಮನಿಗೂ ಅದೇ ತಲೆನೋವು. ಅವಳು ಹೆಂಗಸರ ಉಡುಪು ಹೊಲಿಯುತ್ತಾಳೆ. ಗಂಡ ಬಟ್ಟೆ ಕತ್ತರಿಸುತ್ತಾನೆ, ಕೋಟು ಹೊಲಿಯುತ್ತಾನೆ. ಅತ್ತೆ ಗುಂಡಿ ಹಚ್ಚುತ್ತಾರೆ.

ದೂರದ ಗಿರಾಕಿಗಳು ಅಳತೆ ನೋಡಲು ಮತ್ತೆ ಮತ್ತೆ ಬಸ್ಸು ಹತ್ತಿ ಬರುವುದು ಬೇಡವೆಂದು ಅವಳು ಒಂದು ರೂಢಿ ಮಾಡಿಕೊಂಡಿದ್ದಳು. ಕಚ್ಚಾ ಹೊಲಿಗೆ ಹಾಕಿದ ಉಡುಪನ್ನು ಅವರ ಮನೆಗೆ ಕಳಿಸುವುದು. ಅವರು ಅದನ್ನು ತೊಟ್ಟು, ಮುಂದಿನಿಂದ, ಹಿಂದಿನಿಂದ, ಪಕ್ಕದಿಂದ ಫೋಟೋ ತೆಗೆದು ಕಳಿಸುವುದು. ಎಲ್ಲಿ ಬಿಗಿ, ಎಲ್ಲಿ ಸಡಿಲ ಎಂದು ಅವಳು ಫೋಟೋ ನೋಡಿಯೇ ತಿದ್ದುತ್ತಿದ್ದಳು. ಅರ್ಧ ಹೊಲಿದ ಬಟ್ಟೆಯಲ್ಲಿ ಯಾವ ಹೆಂಗಸೂ ಬೀದಿಗೆ ಬರುವುದಿಲ್ಲ. ಅಂಥ ಫೋಟೋಗಳು ಅವು. ಅವು ಬಂದ ಸದ್ದಾದರೆ ಗಂಡ ಫೋನನ್ನು ಮಗುಚಿಟ್ಟು ಹೆಂಡತಿಯನ್ನು ಕರೆಯುತ್ತಿದ್ದ. ಮೂರು ವರ್ಷದಲ್ಲಿ ಒಂದು ಸಲವೂ ತಿರುಗಿಸಿ ನೋಡಿದವನಲ್ಲ. ಮುಂದಿನ ಉಡುಪಿಗೆ ಬೇಕಾದೀತೆಂದು ಅವಳು ಒಂದನ್ನೂ ಅಳಿಸಿರಲಿಲ್ಲ. ಎಲ್ಲವೂ ಅವಳ ಆನ್‌ಲೈನ್ ಫೋಟೋ ಖಾತೆಯಲ್ಲಿದ್ದವು.

ಒಂದು ಬೆಳಿಗ್ಗೆ ಮೆಸೇಜು ಬಂತು. ಫೋಟೋಗಳ ಜಾಗ ತುಂಬಿದೆ, ಇವತ್ತೇ ಲಾಗಿನ್ ಆಗದಿದ್ದರೆ ಎಲ್ಲ ಅಳಿಸಿಹೋಗುತ್ತದೆ ಎಂದು. ಅವಳು ತಡಮಾಡಲಿಲ್ಲ. ಅದರಲ್ಲೇ ಇದ್ದ ಲಿಂಕ್ ಒತ್ತಿದಳು. ಉದ್ದನೆಯ ಪುಟ. ಪಾಸ್‌ವರ್ಡ್ ಹಾಕುವ ಜಾಗ ತೀರಾ ಕೆಳಗಿತ್ತು. ಬೆರಳಿನಿಂದ ಪುಟವನ್ನು ಮೇಲೆ ತಳ್ಳುತ್ತಾ ಅಲ್ಲಿಗೆ ಹೋದಳು. ಅವಳೇನು ಕಣ್ಣು ಮುಚ್ಚಿ ಒತ್ತುವವಳಲ್ಲ. ಪರದೆಯ ತುದಿಯಲ್ಲಿ ವೆಬ್‌ಸೈಟಿನ ವಿಳಾಸ ತೋರಿಸುವ ಪಟ್ಟಿ ಇರುತ್ತದಲ್ಲ, ಅಡ್ರೆಸ್ ಬಾರ್, ಅದನ್ನು ನೋಡಿದಳು. ಕಂಪನಿಯ ಹೆಸರು ಸರಿಯಾಗಿತ್ತು. ಪಕ್ಕದಲ್ಲಿ ಪುಟ್ಟ ಬೀಗದ ಗುರುತೂ ಇತ್ತು. ಪಾಸ್‌ವರ್ಡ್ ಹಾಕಿದಳು.

ಗಂಟೆ ಕಳೆದ ಮೇಲೆ ಲೈಬ್ರರಿ ಮೇಡಂ ತೋಳಿನ ಅಳತೆ ನೋಡಿಸಲು ಬಂದರು. ಲೈಬ್ರರಿಯಲ್ಲಿ ಹಿರಿಯರಿಗೆ ಫೋನ್ ಬಳಸಲು ಬೇಸರವಿಲ್ಲದೆ ಕಲಿಸುವ ಹೆಣ್ಣುಮಗಳು ಇವರು. ಫೋಟೋಗಳನ್ನೆಲ್ಲ ಹೇಗೆ ಉಳಿಸಿಕೊಂಡೆ ಎಂದು ಟೈಲರಮ್ಮ ಸಮಾಧಾನದಿಂದ ಹೇಳಿದಳು. ಮೇಡಂ ಒಂದು ಕೈಯನ್ನು ಮಾತ್ರ ಪಿನ್ನು ಚುಚ್ಚಿದ್ದ ಉಡುಪಿನ ತೋಳಿಗೆ ತೂರಿಸಿದ್ದರು. ಹಾಗೇ ನಿಂತುಬಿಟ್ಟರು. ಆ ಪುಟ ಇನ್ನೂ ಇದೆಯೇ ಎಂದು ಕೇಳಿದರು. ಇತ್ತು.

ಕತ್ತರಿಸುವ ಮೇಜಿನಿಂದ ಗಂಡ ಮಾತು ತೆಗೆದ. ಹೆಸರು ಸರಿಯಿದೆ, ಬೀಗವೂ ಇದೆ, ಇದರಲ್ಲಿ ಅನುಮಾನಪಡಲು ಏನಿದೆ ಎಂದು. ಓದಿದವರಿಗೆ ಹಗ್ಗವೆಲ್ಲ ಹಾವು ಎಂದು ಒಂದು ಚುಚ್ಚನ್ನೂ ಸೇರಿಸಿದ.

ಮೇಡಂ ಫೋನ್ ಕೈಗೆ ತೆಗೆದುಕೊಂಡರು. ಫೋನಿನ ಪಕ್ಕದ ಗುಂಡಿ ಒತ್ತಿ ಪರದೆ ಆರಿಸಿದರು. ಮತ್ತೆ ಹೊತ್ತಿಸಿ ಟೈಲರಮ್ಮನ ಕೈಗೆ ಕೊಟ್ಟರು.

ಈಗ ಪರದೆಯ ತುದಿಯಲ್ಲಿ ಎರಡು ಪಟ್ಟಿಗಳಿದ್ದವು, ಒಂದರ ಕೆಳಗೊಂದು. ಕೆಳಗಿನದು ಅವಳು ಬೆಳಿಗ್ಗೆ ನೋಡಿದ್ದು. ಮೇಲಿನದರಲ್ಲಿ ಯಾರೂ ಕೇಳಿರದ ಯಾವುದೋ ವಿಳಾಸ.

ಕತ್ತರಿಯ ಸದ್ದು ನಿಂತಿತು.

"ಹಾಗಾದ್ರೆ ಕೆಳಗಿರೋದು ಏನು ಮೇಡಂ?"

"ಅದು ಚಿತ್ರ, ಅಕ್ಕ. ಬರೀ ಚಿತ್ರ. ಬೀಗಾನೂ ಚಿತ್ರ."

ಫೋನಿನ ಪರದೆ ಚಿಕ್ಕದು ಎಂದು ಮೇಡಂ ವಿವರಿಸಿದರು. ನಾವು ಪುಟವನ್ನು ಮೇಲೆ ತಳ್ಳಿದಾಗ ಓದಲು ಜಾಗವಾಗಲೆಂದು ಬ್ರೌಸರ್ ನಿಜವಾದ ಪಟ್ಟಿಯನ್ನು ಮರೆಮಾಡುತ್ತದೆ. ಖಾಲಿಯಾದ ಆ ಜಾಗದಲ್ಲಿ ಮೋಸದ ಪುಟ ತಾನೇ ಬಿಡಿಸಿದ ಪಟ್ಟಿಯನ್ನು ಅಂಟಿಸಿಕೊಂಡು ಕೂರುತ್ತದೆ. ಪರದೆ ಆರಿಸಿ ಹೊತ್ತಿಸಿದರೆ ಬ್ರೌಸರ್ ತನ್ನ ನಿಜವಾದ ಪಟ್ಟಿಯನ್ನು ಮತ್ತೆ ತೋರಿಸುತ್ತದೆ. ತನ್ನ ಹೆಸರನ್ನು ಪುಟ ತಾನೇ ಬರೆದುಕೊಳ್ಳುವುದೆಂದರೇನು, ಅದು ಗಂಡನ ತಲೆಗೆ ಹತ್ತಲಿಲ್ಲ.

"ಅಣ್ಣ, ಹಳೇ ಕೋಟಿನ ಲೇಬಲ್ ಬಿಚ್ಚಿ ಹೊಸದಕ್ಕೆ ಹೊಲಿದುಕೊಡಿ ಅಂತ ನಿಮ್ಮ ಹತ್ರ ಯಾರೂ ಬಂದಿಲ್ವಾ?"

ಅತ್ತೆ ಗುಂಡಿಯಿಂದ ಕಣ್ಣೆತ್ತಲಿಲ್ಲ. "ಬರದೇ ಏನು. ಮೊನ್ನೆ ಒಬ್ಬ ಮದುವೆ ಗಂಡಿಗೆ ಇವನೇ ಹಚ್ಚಿಕೊಟ್ಟನಲ್ಲ. ಬಟ್ಟೆ ಫುಟ್‌ಪಾತಿಂದು, ಹೆಸರು ದೊಡ್ಡಂಗಡೀದು."

ಗಂಡ ಕತ್ತರಿಯನ್ನು ಮೇಜಿನ ಮೇಲಿಟ್ಟ. ಬೀಗ ನಿಜವಾದದ್ದೇ ಆಗಿದ್ದರೆ ನಂಬಬಹುದಿತ್ತೇ ಎಂದು ಮೆಲ್ಲಗೆ ಕೇಳಿದ. ಆಗಲೂ ನಂಬುವಂತಿಲ್ಲ ಎಂದರು ಮೇಡಂ. ದಾರಿಯಲ್ಲಿ ಯಾರೂ ಇಣುಕುವುದಿಲ್ಲ ಎಂದಷ್ಟೇ ಬೀಗ ಹೇಳುತ್ತದೆ. ಆ ತುದಿಯಲ್ಲಿರುವವನು ಯಾರೆಂದು ಹೇಳುವುದಿಲ್ಲ. "ಕಳ್ಳನ ಮನೆಗೂ ಬೀಗ ಇರತ್ತೆ ಅಣ್ಣ."

ಆಮೇಲೆ ಅವರು ಫೋಟೋ ಖಾತೆಯನ್ನು ಅದರದೇ ಆ್ಯಪ್‌ನಿಂದ ತೆರೆಸಿದರು. ಖಾತೆಗೆ ಎಲ್ಲೆಲ್ಲಿಂದ ಲಾಗಿನ್ ಆಗಿದೆ ಎಂಬ ಪಟ್ಟಿಯಲ್ಲಿ ಟೈಲರಮ್ಮನ ಫೋನಿತ್ತು. ಅದರ ಕೆಳಗೆ ಇನ್ನೊಂದು, ಗೊತ್ತಿಲ್ಲದ್ದು. ಒಳಹೊಕ್ಕು ಒಂದೂವರೆ ಗಂಟೆಯಾಗಿತ್ತು.

ಟೈಲರಮ್ಮ ಹೊಲಿಗೆ ಯಂತ್ರಕ್ಕೆ ಕೈಯೂರಿ ಕೂತಳು. "ಆ ಫೋಟೋಗಳನ್ನ ನಾನೇ ನೋಡಿಲ್ವಲ್ಲ," ಎಂದ ಗಂಡ.

ಪಾಸ್‌ವರ್ಡ್ ಬದಲಾಯಿಸಿದರು. ಗೊತ್ತಿಲ್ಲದ ಫೋನನ್ನು ಖಾತೆಯಿಂದ ಹೊರಹಾಕಿದರು. ಇನ್ನು ಮುಂದೆ ಪಾಸ್‌ವರ್ಡಿನ ಜೊತೆಗೆ, ಅವಳ ಫೋನಿಗೆ ಬರುವ ಸಂಖ್ಯೆಯನ್ನು ಕೇಳುವ ಎರಡನೆಯ ತಪಾಸಣೆಯೂ ಆಗುವಂತೆ ಮಾಡಿದರು. ಸೈಬರ್ ಪೊಲೀಸರಿಗೆ ದೂರು ಬರೆದರು. ಅಷ್ಟು ಹೊತ್ತೂ ಮೇಡಂ ಕೈಮೇಲೆ ಆ ಅರೆಹೊಲಿದ ತೋಳು ಹಾಗೇ ಇತ್ತು. ಅತ್ತೆ ಪಕ್ಕದಲ್ಲಿ ಕೂತು, ಚುಚ್ಚದಂತೆ ಅದರ ಪಿನ್ನುಗಳನ್ನು ಒಂದೊಂದಾಗಿ ತೆಗೆದರು.

ಒಂದೂವರೆ ಗಂಟೆಯಲ್ಲಿ ಏನೇನು ಹೋಯಿತೋ ತಿಳಿಯುವ ದಾರಿಯಿರಲಿಲ್ಲ.

"ಸುಮ್ನಿದ್ದುಬಿಡೋಣ," ಎಂದ ಗಂಡ. "ಗಿರಾಕಿಗಳಿಗೆ ಹೇಳಿದ್ರೆ ಅಂಗಡಿ ಬಾಗಿಲು ಹಾಕ್ಕೋಬೇಕಾಗತ್ತೆ."

"ಅವರು ಫೋಟೋ ಕಳಿಸಿದ್ದು ನನ್ನನ್ನ ನಂಬಿ ಕಣ್ರೀ. ಇದನ್ನ ಬೇರೆಯವರ ಬಾಯಿಂದ ಅವರು ಕೇಳಬಾರ್ದು."

ಫೋನ್ ಮಾಡತೊಡಗಿದಳು. ಮೊದಲನೆಯವರು ಪೂರ್ತಿ ಕೇಳುವ ಮೊದಲೇ ಕರೆ ಕಡಿದರು. ಎರಡನೆಯವರು ಅತ್ತರು. ಮೂರನೆಯವರು ಬಟ್ಟೆಯನ್ನು ಹೇಗಿದೆಯೋ ಹಾಗೇ ವಾಪಸು ಕೇಳಿದರು. ಆದರೂ ನಾಲ್ಕನೆಯ ನಂಬರು ಒತ್ತಿದಳು. ಆ ಕಡೆ ಎತ್ತಿಕೊಂಡವಳು ಒಬ್ಬ ನರ್ಸು. ಮಾತು ಮುಗಿಯುವ ಮೊದಲೇ ಅವಳು ತಡೆದಳು.

"ಅಕ್ಕ, ಆಗಲೇ ನಿಮ್ಮ ಫೋಟೋ ಖಾತೆಯಿಂದ ನಿಮ್ಮ ಹೆಸರಲ್ಲೇ ಒಂದು ಲಿಂಕ್ ಬಂದಿತ್ತು. ಹೊಸ ಫೋಟೋ ಇಲ್ಲಿ ಹಾಕಿ ಅಂತ. ನೀವೇ ಅಲ್ವಾ ಅಂತ ಈಗ ಪಾಸ್‌ವರ್ಡ್ ಅರ್ಧ ಹೊಡೆದಿದೀನಿ."

"ಬೆರಳು ತೆಗಿಯಮ್ಮ. ಪರದೆ ಆರಿಸಿ ಮತ್ತೆ ಹೊತ್ತಿಸು. ಮೇಲೆ ಏನಿದೆ ಹೇಳು."

ಟೈಲರಮ್ಮ ಎಲ್ಲರಿಗೂ ಕೇಳಲೆಂದು ಫೋನಿನ ಸ್ಪೀಕರ್ ಒತ್ತಿದಳು.

"ಎರಡಿವೆ ಅಕ್ಕ."

ಗಂಡ ಎದ್ದು ಗಿರಾಕಿಗಳ ಪುಸ್ತಕ ತೆಗೆದ. ಹೆಂಡತಿಯ ಎದುರು ಕೂತು, ಉಳಿದ ನಂಬರುಗಳನ್ನು ಒಂದೊಂದಾಗಿ ಓದಿ ಹೇಳತೊಡಗಿದ.

ಓದುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಮೆಸೇಜಿನಲ್ಲಿ ಬಂದ ಲಿಂಕಿನಿಂದ ಹೋಗಿ ಪಾಸ್‌ವರ್ಡ್ ಹಾಕಬೇಡಿ, ಅದು ತಂಗಿಯ ಹೆಸರಿನಲ್ಲಿ ಬಂದಿದ್ದರೂ ಸರಿ. ನಿಮ್ಮ ಆ್ಯಪ್‌ನಿಂದ ಹೋಗಿ, ಇಲ್ಲವೇ ವಿಳಾಸವನ್ನು ನೀವೇ ಬರೆದು ತೆರೆಯಿರಿ. ಅನುಮಾನ ಬಂದರೆ ಪರದೆ ಆರಿಸಿ ಹೊತ್ತಿಸಿ ನೋಡಿ. ಎರಡು ಪಟ್ಟಿ ಕಾಣಲಿಲ್ಲವೆಂದು ಮಾತ್ರ ಧೈರ್ಯ ಮಾಡಬೇಡಿ, ಮೋಸಕ್ಕೆ ವೇಷ ಹಲವು. ಕೆಲಸ ಮುಗಿದ ಫೋಟೋಗಳನ್ನು ಅಳಿಸಿ. ಅಷ್ಟಾದರೂ ಎಡವಿದರೆ ನಾಚಿಕೆಯಿಂದ ಬಾಯಿ ಮುಚ್ಚಿ ಕೂರಬೇಡಿ. ಪಾಸ್‌ವರ್ಡ್ ಬದಲಾಯಿಸಿ, ದೂರು ಕೊಡಿ, ಕೂಡಲೇ ನಾಲ್ಕು ಜನಕ್ಕೆ ಫೋನ್ ಮಾಡಿ. ಅವರಲ್ಲಿ ಒಬ್ಬರ ಬೆರಳು ಆಗಲೇ ಪರದೆಯ ಮೇಲಿರಬಹುದು.